ಎರಡನೆಯ ಗಾಯ

ಕಳ್ಳರು ನುಗ್ಗಿ ಒಡವೆ ದೋಚಿದ ಮನೆಯ ಅಂಗಳದಲ್ಲಿ ಮರುದಿನ ಬೆಳಿಗ್ಗೆ ನೆರೆಯುವ ಜನರು ಕೇಳುವ ಮೊದಲ ಪ್ರಶ್ನೆ ಯಾವುದು? "ಕಿಟಕಿ ಭದ್ರಪಡಿಸಿರಲಿಲ್ಲವೇ? ಇಷ್ಟು ಚಿನ್ನವನ್ನು ಮನೆಯಲ್ಲೇಕೆ ಇಟ್ಟಿರಿ?" ಕಳ್ಳನ ವಿಚಾರ ಆಮೇಲೆ. ದೌರ್ಜನ್ಯಕ್ಕೊಳಗಾದವಳು ಹೆಣ್ಣುಮಗಳಾದರಂತೂ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ: "ಆ ಹೊತ್ತಿನಲ್ಲಿ ಅಲ್ಲಿಗೇಕೆ ಹೋಗಿದ್ದಳು?"

ಅಪರಾಧಕ್ಕೆ ಗುರಿಯಾದವರನ್ನು ಕುರಿತ ಅಧ್ಯಯನವನ್ನು ವಿದ್ವಾಂಸರು ವಿಕ್ಟಿಮಾಲಜಿ ಎನ್ನುತ್ತಾರೆ, ನಾವು ಸಂತ್ರಸ್ತಶಾಸ್ತ್ರವೆನ್ನೋಣ. ಸೋಜಿಗವೆಂದರೆ, ಈ ಶಾಸ್ತ್ರವೂ ಹುಟ್ಟಿದ್ದು ಇದೇ ಅಂಗಳದ ಪ್ರಶ್ನೆಯಿಂದ. ಜರ್ಮನಿಯನ್ನು ತೊರೆದು ಅಮೆರಿಕ ಸೇರಿದ್ದ ಹಾನ್ಸ್ ಫಾನ್ ಹೆಂಟಿಗ್ 1948ರ ತಮ್ಮ ಗ್ರಂಥದಲ್ಲಿ, ಅಪರಾಧ ರೂಪುಗೊಳ್ಳುವುದರಲ್ಲಿ ಸಂತ್ರಸ್ತನ ಪಾತ್ರವೇನೆಂದು ವಿಚಾರಿಸಿದರು. ಫಿಲಡೆಲ್ಫಿಯ ನಗರದ 588 ಕೊಲೆಗಳನ್ನು ಪರಿಶೀಲಿಸಿದ ಮಾರ್ವಿನ್ ವುಲ್ಫ್‌ಗ್ಯಾಂಗ್ 1958ರಲ್ಲಿ, ಶೇಕಡಾ 26ರಷ್ಟು ಪ್ರಕರಣಗಳಲ್ಲಿ ಮೊದಲು ಕೈಮಾಡಿದವನು ಸತ್ತವನೇ ಎಂದರು. ಹೊಡೆದಾಟದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಅದೇ ಅಳತೆಗೋಲನ್ನು 1971ರಲ್ಲಿ ಮೆನಾಕೆಮ್ ಅಮೀರ್ ಅತ್ಯಾಚಾರಕ್ಕೂ ಹಚ್ಚಿದಾಗ ತೀವ್ರ ಖಂಡನೆ ಎದ್ದಿತು. ಅದು ನ್ಯಾಯವಾದ ಖಂಡನೆ. ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಆರಂಭದಲ್ಲೇ ಕಲಿಸುವ ಒಂದು ವಿವೇಚನೆಯಿದೆ: ಸಂದರ್ಭ ಬೇರೆ, ಕಾರಣ ಬೇರೆ. ತೆರೆದ ಕಿಟಕಿ ಕಳ್ಳತನಕ್ಕೆ ಸಂದರ್ಭವಾದೀತು. ಕಾರಣವೋ, ಕಳ್ಳನ ಇಚ್ಛೆ.

ಹಾಗಾದರೆ ಒಳ್ಳೆಯವರೂ ಸಂತ್ರಸ್ತನಲ್ಲೇ ತಪ್ಪು ಹುಡುಕುವುದೇಕೆ? ಮನಶ್ಶಾಸ್ತ್ರಜ್ಞ ಮೆಲ್ವಿನ್ ಲರ್ನರ್ 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ನೀಡುತ್ತದೆ. ಯುವತಿಯೊಬ್ಬಳು ವಿದ್ಯುದಾಘಾತಕ್ಕೆ ಗುರಿಯಾಗುತ್ತಿರುವಂತೆ ವಿದ್ಯಾರ್ಥಿನಿಯರಿಗೆ ತೋರಿಸಲಾಯಿತು. ಅದು ಬರೀ ನಟನೆ. ನೋಡುವವರಿಗೆ ಅದು ತಿಳಿದಿರಲಿಲ್ಲ. ಆಕೆಯ ನೋವು ಮುಂದುವರಿಯಲಿದೆಯೆಂದು ನಂಬಿದವರು ಆಕೆಯನ್ನೇ ಹೀನವಾಗಿ ಅಳೆಯತೊಡಗಿದರು. ಲೋಕ ನ್ಯಾಯವಾಗಿದೆ, ನಿರ್ದೋಷಿಗೆ ಕೇಡಾಗದು ಎಂಬ ನಂಬಿಕೆಯನ್ನು ಉಳಿಸಿಕೊಳ್ಳಲು ಮನಸ್ಸು ಹೂಡುವ ಉಪಾಯವಿದು. ಯೋಬನ ಗೆಳೆಯರಿಗೂ ಇದೇ ಆಯಿತಲ್ಲವೇ? ಏಳು ದಿನ ಅವನೊಡನೆ ಮೌನವಾಗಿ ನೆಲದ ಮೇಲೆ ಕುಳಿತವರು, ಬಾಯಿ ತೆರೆದೊಡನೆ ಅವನ ಪಾಪಗಳನ್ನು ಹುಡುಕತೊಡಗಿದರು.

ಅಳದವಳನ್ನು ನಂಬದಿರುವುದು ನಮ್ಮ ಇನ್ನೊಂದು ದೌರ್ಬಲ್ಯ. ಬಾಸ್ಟನ್ನಿನ ಆಸ್ಪತ್ರೆಯೊಂದಕ್ಕೆ ಬಂದ ಅತ್ಯಾಚಾರ ಸಂತ್ರಸ್ತೆಯರನ್ನು ಆನ್ ಬರ್ಜಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಮಾತನಾಡಿಸಿ, 1974ರಲ್ಲಿ ಬರೆದ ಲೇಖನದಲ್ಲಿ ಹೀಗೆ ದಾಖಲಿಸಿದ್ದಾರೆ: ಅತ್ತು ಕಂಪಿಸಿದವರಷ್ಟೇ, ಹೆಚ್ಚುಕಡಿಮೆ, ಮೇಲ್ನೋಟಕ್ಕೆ ಶಾಂತರಾಗಿ ಕುಳಿತವರೂ ಇದ್ದರು. ಭಯ, ದುಃಸ್ವಪ್ನ, ನಿದ್ರಾಹೀನತೆ ಆಮೇಲೆ ಬೆನ್ನಟ್ಟಿದವು. ಇದರ ಮೇಲೆ ಬಂಧುಗಳ ಸಂಶಯ, ಠಾಣೆಯ ಒರಟುತನ, ನ್ಯಾಯಾಲಯದ ಪಾಟೀಸವಾಲು. ಇದನ್ನೇ ಶಾಸ್ತ್ರಜ್ಞರು ಎರಡನೆಯ ಬಾರಿ ಬಲಿಯಾಗುವುದು ಎನ್ನುತ್ತಾರೆ. ಸಂತ್ರಸ್ತರನ್ನು ಅನುಕಂಪದಿಂದ, ಘನತೆಗೆ ಕುಂದಾಗದಂತೆ ನಡೆಸಿಕೊಳ್ಳಬೇಕೆಂದು ವಿಶ್ವಸಂಸ್ಥೆ 1985ರ ನವೆಂಬರ್ 29ರಂದು ಘೋಷಿಸಿತು.

ನಮ್ಮ ನ್ಯಾಯಾಲಯಗಳಲ್ಲಿ ಸಂತ್ರಸ್ತನು ಬಹುಕಾಲ ಕೇವಲ ಸಾಕ್ಷಿಯಾಗಿದ್ದ. ಪೊಲೀಸರು ಹೂಡಿದ ಮೊಕದ್ದಮೆಯಲ್ಲಿ ಆರೋಪಿ ಖುಲಾಸೆಯಾದರೆ ಮೇಲ್ಮನವಿ ಸಲ್ಲಿಸುವುದು ಸರ್ಕಾರದ ಕೈಯಲ್ಲಿತ್ತು. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿ ಈ ಹಕ್ಕನ್ನು ಸಂತ್ರಸ್ತನಿಗೂ ನೀಡಿತು. ಆದರೂ ಬಾಗಲಕೋಟೆಯ ಹಲ್ಲೆ ಪ್ರಕರಣವೊಂದರಲ್ಲಿ ಸಂತ್ರಸ್ತನ ಮೇಲ್ಮನವಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ವಿಶೇಷ ಅನುಮತಿ ಬೇಡದೆಯೇ ಅವನು ಮೇಲ್ಮನವಿ ಸಲ್ಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2018ರ ಅಕ್ಟೋಬರ್ 12ರಂದು. ಅಷ್ಟರಲ್ಲಿ ಅವನು ತೀರಿಕೊಂಡಿದ್ದ. ವ್ಯಾಜ್ಯವನ್ನು ನಡೆಸುತ್ತಿದ್ದವರು ಅವನ ವಾರಸುದಾರರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ತನಿಖೆ ಎಲ್ಲಿಗೆ ಬಂದಿದೆಯೆಂದು ಪೊಲೀಸರು 90 ದಿನಗಳೊಳಗೆ ದೂರುದಾರರಿಗೆ ಇಲ್ಲವೆ ಸಂತ್ರಸ್ತರಿಗೆ ತಿಳಿಸಬೇಕು. ಅತ್ಯಾಚಾರ, ಆಸಿಡ್ ದಾಳಿಗಳಿಗೆ ತುತ್ತಾದವರಿಗೆ ಖಾಸಗಿ ಆಸ್ಪತ್ರೆಯೂ ಕೂಡಲೇ ಉಚಿತ ಚಿಕಿತ್ಸೆ ನೀಡಬೇಕು. ಅಪರಾಧಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ, ಪರಿಹಾರ ಕೋರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಇದನ್ನು ಅರಿತವರು ನಮ್ಮ ಕುಟುಂಬಗಳಲ್ಲಿ ವಿರಳ. ಅಂಗಳದಲ್ಲಿ ನೆರೆದವರ ಪೈಕಿ ಒಬ್ಬರಾದರೂ ಕಿಟಕಿಯ ಮಾತನ್ನು ಬಿಟ್ಟು, ಆ ಅರ್ಜಿ ಬರೆಯಲು ಜೊತೆಗೆ ಕುಳಿತುಕೊಳ್ಳಬಹುದು.