ಗೆದ್ದವನ ಸೋಲು: ದುರುದ್ದೇಶದ ದಾವೆ ಮತ್ತು ಪರಿಹಾರದ ಮಿತಿ

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಕನ್ನಡನಾಡಿನ ಎಲ್ಲ ಭಾಗಗಳಲ್ಲಿಯೂ ಬಳಕೆಯಲ್ಲಿದೆ. ಕಾಲಜ್ಞಾನದ ಪರಂಪರೆಗೆ ಹೆಸರಾದ ಕೊಡೇಕಲ್ ಸೀಮೆಯವರಿಗೆ ನ್ಯಾಯಾಲಯವೆಂದರೆ ಬಹುಕಾಲ ಸುರಪುರ. ಒಂದು ತಾರೀಖಿಗೆ ಒಂದು ದಿನದ ದುಡಿಮೆ ಹೋಯಿತೆಂದೇ ಲೆಕ್ಕ. ಗಾದೆಯ ಉತ್ತರಾರ್ಧವನ್ನು ಎಲ್ಲರೂ ಬಲ್ಲರು. ಪೂರ್ವಾರ್ಧ ಎತ್ತುವ ಪ್ರಶ್ನೆಯೇ ಗಹನವಾದುದು: ಹಗೆಯಿಂದ ಹೂಡಿದ ಮೊಕದ್ದಮೆಯಲ್ಲಿ ಗೆದ್ದವನು ತನ್ನ ನಷ್ಟವನ್ನು ಯಾರಿಂದ ಪಡೆಯಬೇಕು?

ನಿಜಾಮರ ಆಳ್ವಿಕೆಗೆ ಸೇರಿದ್ದ ಈ ಪ್ರದೇಶಕ್ಕೆ ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆ ಅನ್ವಯವಾದದ್ದು ೧೯೫೧ರಲ್ಲಿ. ದಾವಾ, ಫಿರ್ಯಾದಿ, ಜಾಮೀನು, ತಾರೀಖು ಎಂಬ ಪದಗಳು ಅದಕ್ಕೂ ಮೊದಲೇ ಜನರ ನಾಲಗೆಯಲ್ಲಿದ್ದವು. ಆದರೆ ಪ್ರಸ್ತುತ ಪ್ರಶ್ನೆಗೆ ನಮ್ಮ ನ್ಯಾಯಾಲಯಗಳು ನೀಡುವ ಉತ್ತರದ ಬೇರು ಇಂಗ್ಲೆಂಡಿನಲ್ಲಿದೆ. ೧೬೯೮ರ ಸ್ಯಾವಿಲ್ ವಿರುದ್ಧ ರಾಬರ್ಟ್ಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಹೋಲ್ಟ್ ಇಂತಹ ಹಾನಿಯನ್ನು ಮಾನ, ದೇಹ, ಸೊತ್ತು ಎಂದು ಮೂರಾಗಿ ವಿಂಗಡಿಸಿದನು. ಸುಳ್ಳು ಅಪರಾಧದ ಆರೋಪಕ್ಕೆ ಗುರಿಯಾದವನು ಪರಿಹಾರ ಕೇಳಬೇಕಾದರೆ ನಾಲ್ಕು ಸಂಗತಿಗಳನ್ನು ಸಿದ್ಧಪಡಿಸಬೇಕು: ಎದುರಾಳಿಯೇ ಮೊಕದ್ದಮೆ ನಡೆಸಿದನು, ಅದು ತನ್ನ ಪರವಾಗಿ ಮುಗಿಯಿತು, ಅದಕ್ಕೆ ಸಮಂಜಸ ಕಾರಣವಿರಲಿಲ್ಲ, ಹಿಂದೆ ದುರುದ್ದೇಶವಿತ್ತು. ಹಗೆಯೊಂದೇ ಸಾಲದು. ನ್ಯಾಯವಾದ ಕಾರಣವಿದ್ದವನು ದ್ವೇಷದಿಂದ ಕೋರ್ಟಿಗೆ ಹೋದರೂ ಅವನ ಹಕ್ಕು ಹಕ್ಕೇ. ಗಾದೆಯಾದರೋ ಉದ್ದೇಶವನ್ನು ವಿಚಾರಿಸುವುದೇ ಇಲ್ಲ, ನಷ್ಟವನ್ನಷ್ಟೇ ಎಣಿಸುತ್ತದೆ. ದೈವದ ಮುಂದಿನ ಆಣೆಯಲ್ಲಿ ಮಾತ್ರ ಮನಸ್ಸಿನ ಕಪಟವೇ ಮೊದಲು ವಿಚಾರಣೆಗೆ ಬರುತ್ತದೆ.

ಕಲ್ಕತ್ತೆಯಿಂದ ಹೋದ ಮೊಹಮ್ಮದ್ ಅಮೀನ್ ಪ್ರಕರಣದಲ್ಲಿ (೧೯೪೭) ಪ್ರಿವಿ ಕೌನ್ಸಿಲ್, ವಿಚಾರಣೆ ಹಾನಿಯುಂಟಾಗುವ ಹಂತವನ್ನು ಮುಟ್ಟಿತ್ತೇ ಎಂಬುದೇ ಮುಖ್ಯವೆಂದಿತು. ಇದು ಕ್ರಿಮಿನಲ್ ಆರೋಪದ ಮಾತು. ಹೊಲದ ಬದುವಿಗಾಗಿ ಹೂಡಿದ ಸಿವಿಲ್ ದಾವೆಯ ಗತಿಯೇ ಬೇರೆ. ಗೆದ್ದವನಿಗೆ ಖರ್ಚು ಸಿಗುತ್ತದೆ, ಅದೇ ಪರಿಹಾರ ಎಂಬುದು ಹಳೆಯ ತರ್ಕ. ಸಿಕ್ಕ ಖರ್ಚಿಗೂ ಆದ ಖರ್ಚಿಗೂ ಇರುವ ಅಂತರವನ್ನು ವಕೀಲರನ್ನು ಕೇಳಬೇಕಾಗಿಲ್ಲ. ಇಂಗ್ಲೆಂಡಿನ ಸರ್ವೋಚ್ಚ ನ್ಯಾಯಾಲಯವು ೨೦೧೬ರ ವಿಲ್ಲರ್ಸ್ ವಿರುದ್ಧ ಜಾಯ್ಸ್ ಪ್ರಕರಣದಲ್ಲಿ ಸಿವಿಲ್ ದಾವೆಗೂ ಈ ಪರಿಹಾರವನ್ನು ವಿಸ್ತರಿಸಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಪ್ಪಲಿಲ್ಲ. ದಾವೆಯ ಮೇಲೆ ದಾವೆ ಹುಟ್ಟಿ ಜಗಳಕ್ಕೆ ಕೊನೆಯಿಲ್ಲದಂತಾಗುವುದು, ನಿಜವಾದ ನೊಂದವರೂ ಕೋರ್ಟಿನ ಮೆಟ್ಟಿಲೇರಲು ಅಂಜುವರು ಎಂಬ ಆತಂಕವನ್ನು ಸುಲಭವಾಗಿ ತಳ್ಳಿಹಾಕಲಾಗದು.

ನಮ್ಮ ಸಂಹಿತೆಯ ಬಾಗಿಲುಗಳು ಕಿರಿದು. ವಾಣಿಜ್ಯೇತರ ದಾವೆಗಳಲ್ಲಿ ಸುಳ್ಳು ವಾದಕ್ಕೆ ೩೫ಎ ಕಲಮಿನಂತೆ ವಿಧಿಸಬಹುದಾದ ಪರಿಹಾರದ ಖರ್ಚು ಮೂರು ಸಾವಿರ ರೂಪಾಯಿಯನ್ನು ಮೀರುವಂತಿಲ್ಲ. ಸಾಕಷ್ಟು ಆಧಾರವಿಲ್ಲದೆ ತಂದ ಬಂಧನ, ಜಪ್ತಿ, ತಡೆಯಾಜ್ಞೆಗಳಿಗೆ ೯೫ನೆಯ ಕಲಮು ಐವತ್ತು ಸಾವಿರದವರೆಗೆ ಕೊಡಿಸುತ್ತದೆ. ಆ ಅರ್ಜಿಯ ಮೇಲೆ ಆದೇಶವಾದರೆ ಅದೇ ಹಾನಿಗೆ ಮತ್ತೊಂದು ದಾವೆ ಹೂಡುವಂತಿಲ್ಲ. ದುರುದ್ದೇಶದ ಕ್ರಿಮಿನಲ್ ಮೊಕದ್ದಮೆಗೆ ಪರಿಹಾರ ಕೇಳಲು ೧೯೬೩ರ ಕಾಲಮಿತಿ ಕಾಯಿದೆಯ ೭೪ನೆಯ ಅನುಚ್ಛೇದ ಕೊಡುವುದು ಒಂದೇ ವರ್ಷ. ಬಿಡುಗಡೆಯಾಗಿ ಊರಿಗೆ ಮರಳಿ, ವಕೀಲರ ಸಾಲ ತೀರಿಸುವುದರಲ್ಲಿ ತೊಡಗಿದವನಿಗೆ ಆ ವರ್ಷ ಕಳೆದದ್ದೇ ತಿಳಿಯದೆ ಹೋಗಬಹುದು. ತಿಳಿದು ಬಂದವನೂ ತಾನು ಕೇಳುವ ಮೊತ್ತಕ್ಕೆ ತಕ್ಕ ನ್ಯಾಯಾಲಯ ಶುಲ್ಕವನ್ನು ಮೊದಲೇ ಕಟ್ಟಬೇಕು.