ಹಾರುವ ಮುನ್ನ ಒಂದಿಷ್ಟು ಲೆಕ್ಕ

1949ರ ಕೊನೆಯ ತಿಂಗಳುಗಳು. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಪಿಎಚ್.ಡಿ. ಪದವಿ ಮತ್ತು ಸ್ವಿಟ್ಜರ್‌ಲೆಂಡಿನ ಜ್ಯೂರಿಚ್‌ನಲ್ಲಿ ಸುಮಾರು ಒಂದು ವರ್ಷದ ಸಂಶೋಧನೆಯ ಅನುಭವ ಹೊತ್ತು ಇಪ್ಪತ್ತೇಳರ ತರುಣನೊಬ್ಬ ಭಾರತಕ್ಕೆ ಹಿಂತಿರುಗಿದ. ಅವನು ಹೊರಟದ್ದು 1945ರಲ್ಲಿ, ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದ ಮೇಲೆ. ಆಗ ಅವನ ಹುಟ್ಟೂರು ಭಾರತದಲ್ಲಿತ್ತು. ಮರಳಿ ಬರುವ ಹೊತ್ತಿಗೆ ಪಾಕಿಸ್ತಾನಕ್ಕೆ ಸೇರಿಹೋಗಿತ್ತು. ಇಲ್ಲಿ ತಕ್ಕ ಕೆಲಸ ಸಿಗಲಿಲ್ಲ. ಅಲ್ಪಕಾಲ ಇದ್ದು ಮತ್ತೆ ಇಂಗ್ಲೆಂಡಿಗೆ ಹೊರಟುಹೋದ.

ಆ ತರುಣನ ಹೆಸರು ಹರಗೋವಿಂದ ಖೊರಾನಾ. ಕೇಂಬ್ರಿಜ್‌ನಲ್ಲಿ ಎರಡು ವರ್ಷ ಕಳೆದ ಮೇಲೆ 1952ರಲ್ಲಿ ಕೆನಡಾದ ವ್ಯಾಂಕೂವರ್, 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್. ಜೀವಕೋಶದೊಳಗೆ ಪ್ರೋಟೀನು ತಯಾರಾಗುವ ಸಂಕೇತ ಭಾಷೆಯನ್ನು ಬಿಡಿಸಿದ್ದಕ್ಕೆ 1968ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಬಂದಾಗ ಭಾರತದಲ್ಲಿ ಎಲ್ಲರೂ 'ನಮ್ಮವರು' ಎಂದು ಹೆಮ್ಮೆಪಟ್ಟರು. ಖೊರಾನಾ ಅಮೆರಿಕದ ಪ್ರಜೆಯಾಗಿ ಅದಾಗಲೇ ಎರಡು ವರ್ಷ ಕಳೆದಿತ್ತು.

ಇನ್ನೊಬ್ಬರು ನಮ್ಮ ಉಡುಪಿ ಬಳಿಯ ಅದಮಾರಿನವರು, ಉಡುಪಿ ರಾಮಚಂದ್ರ ರಾವ್. ಕಲಿತದ್ದು ಊರಿನ ಶಾಲೆ, ಉಡುಪಿಯ ಹೈಸ್ಕೂಲು, ಬಳ್ಳಾರಿ, ಅನಂತಪುರ, ಕಾಶಿ ಹೀಗೆ. ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ವಿಕ್ರಮ ಸಾರಾಭಾಯಿಯವರ ಶಿಷ್ಯರಾಗಿ ಪಿಎಚ್.ಡಿ. ಮುಗಿಸಿ, 1961ರಲ್ಲಿ ಅಮೆರಿಕದ ಎಂ.ಐ.ಟಿ. ಸೇರಿದರು. ಅಲ್ಲಿಂದ ಡಲ್ಲಾಸ್‌ಗೆ ಹೋಗಿ, ಅಮೆರಿಕದ ಪಯೊನೀರ್ ನೌಕೆಗಳಲ್ಲಿ ವಿಶ್ವಕಿರಣಗಳನ್ನು ಅಳೆಯುವ ಪ್ರಯೋಗಗಳಲ್ಲಿ ತೊಡಗಿದರು. ಅಲ್ಲೇ ನಿಂತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ 1966ರಲ್ಲಿ ಅಹಮದಾಬಾದಿಗೆ ಮರಳಿದರು. ಒಂಬತ್ತು ವರ್ಷಗಳ ಅನಂತರ, 1975ರ ಏಪ್ರಿಲ್ 19ರಂದು, ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ತಯಾರಾದ 360 ಕಿಲೋ ತೂಕದ 'ಆರ್ಯಭಟ' ಸೋವಿಯತ್ ರಾಕೆಟ್ಟಿನ ಮೇಲೇರಿ ಆಕಾಶ ಸೇರಿತು.

ಒಬ್ಬರು ಹೋದರು, ಒಬ್ಬರು ಬಂದರು. ಸಭೆ ಸಮಾರಂಭಗಳಲ್ಲಿ ಇಂತಹ ಉದಾಹರಣೆಗಳನ್ನು ದೇಶಪ್ರೇಮದ ತಕ್ಕಡಿಯಲ್ಲಿಟ್ಟು ತೂಗುವುದು ವಾಡಿಕೆ. 'ಪ್ರತಿಭಾ ಪಲಾಯನ' ಎಂಬ ಮಾತೂ ಆಗ ತಪ್ಪದೆ ಬರುತ್ತದೆ. ತಮಾಷೆಯೆಂದರೆ ಈ ಮಾತಿನ ಇಂಗ್ಲಿಷ್ ಮೂಲ ಹುಟ್ಟಿದ್ದು ನಮ್ಮಂಥ ದೇಶಗಳ ಸಲುವಾಗಿ ಅಲ್ಲ. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಸಾಲುಗಟ್ಟಿ ಅಮೆರಿಕಕ್ಕೆ ಹೊರಟಾಗ ಬ್ರಿಟಿಷರೇ ಕೊರಗಿ ಬಳಕೆಗೆ ತಂದ ಮಾತು ಅದು. ತಕ್ಕಡಿಯನ್ನು ಬದಿಗಿಟ್ಟು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ರಾಯರಿಗೆ ಇಲ್ಲಿ ಗುರುವಿದ್ದರು, ಸಂಸ್ಥೆಯಿತ್ತು, ಮಾಡಲು ಕೆಲಸವಿತ್ತು. ಖೊರಾನಾ ಬಂದಾಗ ಅದಾವುದೂ ಇರಲಿಲ್ಲ. ಮತ್ತೂ ಒಂದು ಮಾತು: ಇಬ್ಬರಲ್ಲಿ ಯಾರೂ ಮನೆಯನ್ನು ಅಡವಿಟ್ಟು ಹೋದವರಲ್ಲ. ಒಬ್ಬರದು ವಿದ್ಯಾರ್ಥಿವೇತನ, ಇನ್ನೊಬ್ಬರದು ಸಂಬಳದ ಸಂಶೋಧನೆ. ಆದ್ದರಿಂದಲೇ ಒಬ್ಬರು ಬರಿಗೈಯಲ್ಲಿ ಬಂದು ಮತ್ತೆ ಹೋಗಬಲ್ಲವರಾದರು, ಇನ್ನೊಬ್ಬರು ಒಳ್ಳೆಯ ಕೆಲಸ ಬಿಟ್ಟು ಬರಬಲ್ಲವರಾದರು.

ಈಗಿನ ಸಾಮಾನ್ಯ ಕುಟುಂಬದ ಪರಿಸ್ಥಿತಿ ಇಷ್ಟು ಸರಳವಲ್ಲ. ಇಂಜಿನಿಯರಿಂಗ್ ಮುಗಿಸಿದ ಮಗಳಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಎಂ.ಎಸ್. ಪ್ರವೇಶಪತ್ರ ಬಂದಿದೆ ಎನ್ನೋಣ. ಮನೆಯಲ್ಲಿ ಸಿಹಿ ಹಂಚಿದ್ದಾಗಿದೆ, ನೆಂಟರಿಗೆ ಫೋನು ಹೋಗಿದೆ. ಆಮೇಲೆ ಬರುವುದು ಹಣದ ಪ್ರಶ್ನೆ. ಬ್ಯಾಂಕುಗಳು ಸಾಮಾನ್ಯವಾಗಿ ಏಳೂವರೆ ಲಕ್ಷ ರೂಪಾಯಿ ಮೀರಿದ ವಿದ್ಯಾಭ್ಯಾಸ ಸಾಲಕ್ಕೆ ಆಸ್ತಿಯ ಆಧಾರ ಕೇಳುತ್ತವೆ. ಅಂದರೆ ಅಪ್ಪನ ಸೈಟು, ಇಲ್ಲವೆ ವಾಸದ ಮನೆ.

ಪಾಲಕರು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ನೋಡಬಹುದು. ಮೂವತ್ತು ಲಕ್ಷ ಸಾಲ, ನೂರಕ್ಕೆ ಹತ್ತರ ಬಡ್ಡಿ ಎಂದಿಟ್ಟುಕೊಳ್ಳಿ. ಓದು ಎರಡು ವರ್ಷ, ಆಮೇಲೆ ಕಂತು ಆರಂಭವಾಗಲು ಒಂದು ವರ್ಷದ ಬಿಡುವು. ಬಿಡುವು ಎಂದರೆ ಬಡ್ಡಿಗೆ ಬಿಡುವಲ್ಲ. ಪೂರ್ತಿ ಹಣ ಮೊದಲೇ ಪಡೆದರೆ ಮೂರು ವರ್ಷಕ್ಕೆ ಬಡ್ಡಿಯೇ ಒಂಬತ್ತು ಲಕ್ಷ. ಮೂವತ್ತೊಂಬತ್ತು ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 51,500 ರೂಪಾಯಿ. ಡಾಲರ್ ಸಂಬಳವಿದ್ದರೆ ಈ ಕಂತು ಭಾರವೆನಿಸದು. ಆದರೆ ಅಲ್ಲಿ ಕೆಲಸ ಸಿಗದೆ ಊರಿಗೆ ಬಂದು, ಹೊಸದಾಗಿ ಕೆಲಸಕ್ಕೆ ಸೇರಿದವರ ಸಂಬಳದಲ್ಲಿ ಇದನ್ನು ಕಟ್ಟಿ, ಉಳಿದುದರಲ್ಲಿ ಬಾಡಿಗೆ ಕೊಟ್ಟು ಬದುಕುವುದು ಸಾಧ್ಯವೇ? ಮಕ್ಕಳು ಅಲ್ಲಿ ಇಷ್ಟವಿಲ್ಲದ ಕೆಲಸಕ್ಕೂ ಅಂಟಿಕೊಳ್ಳುವುದು, ಅಪ್ಪ-ಅಮ್ಮನಿಗೆ ಫೋನಿನಲ್ಲಿ 'ಚೆನ್ನಾಗಿದ್ದೇನೆ' ಎನ್ನುವುದು ಈ ಒಂದು ಅಂಕಿಯಿಂದಾಗಿ.

ಇನ್ನು ಅಲ್ಲಿಯ ಕಾನೂನು. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಪದವಿಯ ನಂತರ ಒಂದು ವರ್ಷ, ಮೇಲೆ ಇನ್ನೆರಡು ವರ್ಷ ಕೆಲಸ ಮಾಡಲು ಅನುಮತಿ ಇದೆ. ಆಮೇಲೆ ಎಚ್-1ಬಿ ವೀಸಾ ಬೇಕು. ಖಾಸಗಿ ಕಂಪನಿಗಳಿಗಾಗಿ ವರ್ಷಕ್ಕೆ 65,000, ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ ಮತ್ತೆ 20,000 ವೀಸಾಗಳಷ್ಟೆ. ಅರ್ಜಿಗಳು ಇದಕ್ಕಿಂತ ಬಹಳ ಹೆಚ್ಚು ಬರುವುದರಿಂದ ಚೀಟಿ ಎತ್ತಿದ ಹಾಗೆ ಆಯ್ಕೆ ನಡೆಯುತ್ತದೆ. ಎಷ್ಟು ಚೆನ್ನಾಗಿ ಓದಿದರೂ ಇಲ್ಲಿ ಅದೃಷ್ಟದ ಪಾಲು ಇದ್ದೇ ಇದೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು, ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ಇಂತಹ ನೌಕರರಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂದು ಘೋಷಣೆ ಹೊರಡಿಸಿದರು. ಒಂದೇ ಸಂಜೆಯಲ್ಲಿ ಲೆಕ್ಕಗಳೆಲ್ಲ ತಲೆಕೆಳಗಾಗಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಕೆಲಸ ಹೋದರೆ ಈ ವೀಸಾದವರಿಗೆ ಇನ್ನೊಂದು ಕೆಲಸ ಹುಡುಕಲು ಇರುವ ಗಡುವು ಹೆಚ್ಚೆಂದರೆ 60 ದಿನ.

ಕಾಯಂ ವಾಸದ ಹಸಿರು ಕಾರ್ಡಿನ ಕಥೆ ಇನ್ನೂ ವಿಚಿತ್ರ. ನೌಕರಿಯ ಆಧಾರದ ಮೇಲೆ ವರ್ಷಕ್ಕೆ ಕೊಡುವುದು ಸುಮಾರು 1,40,000. ಅದರಲ್ಲಿ ಸಾಮಾನ್ಯವಾಗಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ನೂರಕ್ಕೆ ಏಳಕ್ಕಿಂತ ಹೆಚ್ಚು ಸಲ್ಲದು. ನೂರನಲವತ್ತು ಕೋಟಿ ಜನರ ಭಾರತಕ್ಕೂ ಏಳು, ಪುಟ್ಟ ಐಸ್‌ಲೆಂಡಿಗೂ ಏಳು! ಪರಿಣಾಮವಾಗಿ, ಸ್ನಾತಕೋತ್ತರ ಪದವಿಯವರ ವರ್ಗದಲ್ಲಿ 2012-13ರಲ್ಲಿ ಅರ್ಜಿ ಹಾಕಿದ ಭಾರತೀಯರ ಸರದಿ ಬಂದದ್ದು 2025ರಲ್ಲಿ. ಈ ನಡುವೆ ಜೊತೆಯಲ್ಲಿದ್ದ ಮಕ್ಕಳಿಗೆ 21 ತುಂಬಿದರೆ ಅವರು ತಂದೆತಾಯಿಯ ಅರ್ಜಿಯಿಂದ ಹೊರಬೀಳುವ ಸಂಭವ ಉಂಟು. ಆದರೂ ಹಿಂದಿನ ಕಾಲ ಇದಕ್ಕಿಂತ ಸುಲಭವಿತ್ತು ಎನ್ನುವಂತಿಲ್ಲ. 1946ರಿಂದ 1965ರವರೆಗೆ ಇಡೀ ಭಾರತಕ್ಕೆ ಇದ್ದ ವಲಸೆ ಕೋಟಾ ವರ್ಷಕ್ಕೆ ನೂರು!

ಪೌರತ್ವ ಬದಲಿಸುವ ಮಾತು ದೂರದ್ದಾದರೂ ಅದನ್ನೂ ತಿಳಿದಿರಬೇಕು. ನಮ್ಮ ಸಂವಿಧಾನದಲ್ಲಿ ಇಬ್ಬಗೆಯ ಪೌರತ್ವಕ್ಕೆ ಅವಕಾಶವಿಲ್ಲ. 2005ರಲ್ಲಿ ಬಂದ ಸಾಗರೋತ್ತರ ಭಾರತೀಯ ಕಾರ್ಡಿನಿಂದ ವೀಸಾ ಇಲ್ಲದೆ ಬಂದುಹೋಗಬಹುದು, ಇಲ್ಲಿ ನೆಲೆಸಲೂಬಹುದು, ಆದರೆ ಮತ ಹಾಕುವಂತಿಲ್ಲ. ಕೃಷಿ ಭೂಮಿ ಹೊಸದಾಗಿ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದುದನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲ. 'ನಾಲ್ಕು ಕಾಸು ಮಾಡಿಕೊಂಡು ಬಂದು ಊರಲ್ಲಿ ತೋಟ ಮಾಡುತ್ತೇನೆ' ಎನ್ನುವ ಹುಡುಗರಿಗೆ ಈ ನಿಯಮ ಗೊತ್ತಿರುವುದು ಅಪರೂಪ.

ಹಾಗಾದರೆ ಹೋಗಲೇಬಾರದೇ? ಖೊರಾನಾ ಹೋಗದಿದ್ದರೆ ಅವರ ಬುದ್ಧಿಶಕ್ತಿ ಯಾವುದೋ ಕಛೇರಿಯ ಕಡತಗಳಲ್ಲಿ ಕಳೆದುಹೋಗುತ್ತಿತ್ತೇನೋ. ಹೋದದ್ದಕ್ಕೆ ಅವರೂ ಬೆಲೆ ತೆತ್ತರು. ಜ್ಯೂರಿಚ್‌ನಲ್ಲಿ ಸಂಬಳವಿಲ್ಲದೆ ಉಳಿತಾಯದಲ್ಲೇ ದಿನ ನೂಕಿದವರು ಅವರು. ಆರು ವರ್ಷ ತಾಯ್ನಾಡಿನಿಂದ ದೂರವಿದ್ದು ಎಲ್ಲಿಯೂ ತನ್ನದೆನ್ನುವ ನೆಲೆ ಇಲ್ಲ ಎನಿಸಿದ್ದ ಕಾಲದಲ್ಲಿ, 1952ರ ಮದುವೆ ತಮ್ಮ ಬದುಕಿಗೊಂದು ಗುರಿ ತಂದಿತೆಂಬ ಮಾತು ಅವರ ನೊಬೆಲ್ ಪರಿಚಯದಲ್ಲೇ ಇದೆ. ಎಷ್ಟು ದೊಡ್ಡವರಾದರೂ ಒಂಟಿತನ ಬಿಡುವುದಿಲ್ಲ. ಹಾಸ್ಟೆಲಿನಲ್ಲಿ ಒಂದು ವಾರ ಕಳೆಯಲಾರದೆ ಅತ್ತ ಮಗುವನ್ನು ಕಂಡ ಪಾಲಕರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವೀಸಾ ದಲ್ಲಾಳಿಯ ಕರಪತ್ರದಲ್ಲಿ ಇದು ಇರುವುದಿಲ್ಲ.

ಸಾಲವಿಲ್ಲದೆ ಹೋಗುವ ಹಾದಿಗಳು ಇಂದಿಗೂ ಮುಚ್ಚಿಲ್ಲ. ಅವುಗಳಿಗೆ ತಾಳ್ಮೆ ಹೆಚ್ಚು ಬೇಕು, ಅಷ್ಟೆ. ಎಂ.ಎಸ್. ಓದಿಗೆ ಹಣ ಸುರಿಯಬೇಕು. ಆದರೆ ಮೂಲವಿಜ್ಞಾನದ ಪಿಎಚ್.ಡಿ.ಗೆ ಅಮೆರಿಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಶುಲ್ಕ ಬಿಟ್ಟು, ಬೋಧನೆ ಇಲ್ಲವೆ ಸಂಶೋಧನೆಯ ಸಹಾಯಕನನ್ನಾಗಿ ಮಾಡಿಕೊಂಡು ಜೀವನಕ್ಕೆ ಹಣ ಕೊಡುತ್ತವೆ. ಈ ವ್ಯತ್ಯಾಸ ನಮ್ಮ ಅನೇಕ ವಿದ್ಯಾರ್ಥಿಗಳಿಗೆ ತಿಳಿಯುವುದು ಎಂ.ಎಸ್. ಸಾಲ ಮಂಜೂರಾದ ಮೇಲೆ.

ರಾಯರ ಹಾದಿಯೂ ಇದೆ: ಡಾಕ್ಟರೇಟ್ ಇಲ್ಲಿ, ಆಮೇಲಿನ ಸಂಶೋಧನೆ ಸಂಬಳದ ಮೇಲೆ ಅಲ್ಲಿ. ಇಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಎಸ್ಸಿ. ಮುಗಿಸಿದವರನ್ನೇ ನೇರವಾಗಿ ಸೇರಿಸಿಕೊಳ್ಳುವ ಸಂಯುಕ್ತ ಪಿಎಚ್.ಡಿ. ಕಾರ್ಯಕ್ರಮವೂ ಉಂಟು. ಅದಕ್ಕೆ 'ಜ್ಯಾಮ್' ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ; ಅರ್ಜಿ ಕರೆಯುವುದು ಅದರ ಹಿಂದಿನ ಸೆಪ್ಟೆಂಬರ್ ಆಸುಪಾಸಿನಲ್ಲಿ. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು.