ಮೀಟರಿನಲ್ಲಿ ವೋಲ್ಟೇಜ್ ಇದೆ, ಕಾರು ಚಾರ್ಜ್ ಆಗುತ್ತಿಲ್ಲ

ಬೋಧನಾಭ್ಯಾಸದಲ್ಲಿ ಹತ್ತನೆಯ ತರಗತಿಯ ‘ವಿದ್ಯುಚ್ಛಕ್ತಿ’ ಅಧ್ಯಾಯ ನನ್ನ ಪಾಲಿಗೆ ಬಂದಾಗ ನಿದರ್ಶನಕ್ಕಾಗಿ ದೂರ ಹೋಗಬೇಕಾಗಲಿಲ್ಲ. ಆಳಂದದಲ್ಲಿ ನಮ್ಮ ಮಾಮಾ ಅವರ ಹಳೆಯ ಎಲೆಕ್ಟ್ರಿಕ್ ಕಾರು ಒಂದು ರಾತ್ರಿ ಪೂರ್ತಿ ಚಾರ್ಜ್ ಆಗುತ್ತಿತ್ತು, ಇನ್ನೊಂದು ರಾತ್ರಿ ಅರ್ಧ ಗಂಟೆಗೇ ನಿಲ್ಲುತ್ತಿತ್ತು. ನೋಡಲು ಬಂದ ಬ್ಯಾಟರಿ ಅಂಗಡಿಯವರು ಸಾಕೆಟ್ಟಿಗೆ ಮೀಟರ್ ಹಚ್ಚಿ, “ಕರೆಂಟ್ ಫುಲ್ ಅದ, ಬ್ಯಾಟ್ರಿನೇ ಹೋಗ್ಯಾವ, ಎಂಟೂ ಬದಲಿ ಮಾಡ್ರಿ” ಎಂದು ಹೇಳಿ ಹೋದರು. ಮಾಮಾ ತೊಗರಿ ಮಾರಿದ ದುಡ್ಡನ್ನು ಅದಕ್ಕೆಂದು ತೆಗೆದಿಟ್ಟರು.

ಕಾರು ಬೆಂಗಳೂರಿನಲ್ಲಿ ತಯಾರಾದ ರೇವಾ. 2001ರಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ಕಾರು ಮುಂದೆ ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಮೊದಲಿನ ರೇವಾಗಳಲ್ಲಿ ಸೀಟಿನ ಕೆಳಗೆ ತಲಾ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳು ಸರಣಿಯಲ್ಲಿ ಜೋಡಣೆಯಾಗಿರುತ್ತವೆ, ಒಟ್ಟು 48 ವೋಲ್ಟ್. ಮನೆಯ ಪವರ್ ಸಾಕೆಟ್ಟಿಗೆ ಪ್ಲಗ್ ಚುಚ್ಚಿದರೆ ಆಯಿತು, ಬೇರೆ ಚಾರ್ಜಿಂಗ್ ಕೇಂದ್ರ ಬೇಕಿಲ್ಲ. ನಮ್ಮ ಪಾಠಕ್ಕೆ ಅನುಕೂಲವಾದದ್ದೂ ಅದೇ. ಪಠ್ಯಪುಸ್ತಕದ ಮಂಡಲಕ್ಕೂ ಈ ಕಾರಿಗೂ ಹೆಚ್ಚಿನ ಅಂತರವಿಲ್ಲ.

ಬ್ಯಾಟರಿ ಹೋಗಿದೆ ಎಂಬ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಬ್ಯಾಟರಿ ಸೋತಿದ್ದರೆ ಕಾರು ದಿನವೂ ಕಡಿಮೆ ದೂರ ಓಡಬೇಕು. ಆದರೆ ಚಾರ್ಜ್ ಪೂರ್ತಿಯಾದ ಮರುದಿನ ಅದು ಎಂದಿನಷ್ಟೇ ಓಡುತ್ತಿತ್ತು. ಬಂದು ಹೋಗುವ ದೋಷದ ಕಷ್ಟವೇ ಇದು. ತಿಳಿದವರು ಬಂದು ನಿಂತಾಗ ಎಲ್ಲ ಸರಿಯಾಗಿರುತ್ತದೆ. ಹಾಗಾಗಿ ರಾತ್ರಿ ರಾತ್ರಿಯ ವಿವರವನ್ನು ಒಂದು ನೋಟುಪುಸ್ತಕದಲ್ಲಿ ಬರೆಯತೊಡಗಿದೆ: ಪ್ಲಗ್ ಹಾಕಿದ ಹೊತ್ತು, ನಿಂತ ಹೊತ್ತು, ಹೊಲದ ಪಂಪುಗಳಿಗೆ ಕರೆಂಟ್ ಇತ್ತೇ ಇಲ್ಲವೇ.

ಪಂಪಿನ ಕಾಲಮ್ ಹಾಕಿದ್ದಕ್ಕೆ ಕಾರಣವಿತ್ತು. ನಮ್ಮ ಕಡೆ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದರೆ ಮನೆಯ ದೀಪ ಮಂಕಾಗುವುದನ್ನು ಎಲ್ಲರೂ ನೋಡಿದ್ದೇವೆ. ವೋಲ್ಟೇಜ್ ಇಳಿದು ಚಾರ್ಜರ್ ನಿಲ್ಲುತ್ತಿದೆ ಎಂದೇ ನಂಬಿದ್ದೆ, ಮಾಮಾಗೂ ಹೇಳಿಬಿಟ್ಟಿದ್ದೆ. ಎಂಟನೆಯ ದಿನ ಭಾನುವಾರ, ಪಂಪಿನ ಕರೆಂಟ್ ಇಲ್ಲದ ಹೊತ್ತಿನಲ್ಲಿ, ಮಧ್ಯಾಹ್ನವೇ ಚಾರ್ಜ್ ನಿಂತಿತು. ನನ್ನ ಊಹೆ ಅಲ್ಲಿಗೆ ಬಿತ್ತು.

ಹಳೆಯ ಪುಟಗಳನ್ನು ಮತ್ತೆ ನೋಡಿದಾಗ ಗಡಿಯಾರದ ಹೊತ್ತಿಗೂ ದೋಷಕ್ಕೂ ನಂಟಿರಲಿಲ್ಲ. ಪ್ಲಗ್ ಹಾಕಿದ ಇಪ್ಪತ್ತರಿಂದ ಮೂವತ್ತು ನಿಮಿಷಕ್ಕೆ ಅದು ನಿಲ್ಲುತ್ತಿತ್ತು. ಯಾವುದೋ ಒಂದು ಜಾಗ ನಿಧಾನವಾಗಿ ಕಾಯುತ್ತಿದೆ ಎನ್ನುವುದಕ್ಕೆ ಇದು ಗುರುತು. ಆಮೇಲೆ ಹೊಳೆದದ್ದು, ಮೊದಲೇ ಹಾಕಬೇಕಿದ್ದ ಕಾಲಮ್: ಆ ದಿನ ಕಾರು ಎಷ್ಟು ಓಡಿತ್ತು? ಮಾಮಾ ನೆನಪಿನಿಂದ ಹೇಳಿದರು. ಹೊಲಕ್ಕೂ ಹೋಗಿ ಊರೆಲ್ಲ ಸುತ್ತಿ ಬಂದ ದಿನ ಚಾರ್ಜ್ ನಿಂತಿತ್ತು. ಬರೀ ಬಜಾರಿಗೆ ಹೋಗಿ ಬಂದ ದಿನ ನಿಂತಿರಲಿಲ್ಲ.

ಸೀಸ-ಆಮ್ಲ ಬ್ಯಾಟರಿ ಚೆನ್ನಾಗಿ ಖಾಲಿಯಾಗಿದ್ದರೆ ಚಾರ್ಜರ್ ಬಹಳ ಹೊತ್ತು ಹೆಚ್ಚಿನ ವಿದ್ಯುತ್ ಪ್ರವಾಹ ಎಳೆಯುತ್ತದೆ. ತುಂಬುತ್ತ ಬಂದ ಹಾಗೆ ಪ್ರವಾಹ ಇಳಿಯುತ್ತದೆ. ಸ್ವಲ್ಪವೇ ಖಾಲಿಯಾಗಿದ್ದರೆ ಆ ಹೆಚ್ಚಿನ ಪ್ರವಾಹದ ಹೊತ್ತು ಬೇಗ ಮುಗಿಯುತ್ತದೆ. ಜೌಲ್‌ನ ನಿಯಮದಂತೆ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರವಾಹ ಅರ್ಧಕ್ಕಿಳಿದರೆ ಉಷ್ಣ ಕಾಲು ಭಾಗಕ್ಕೆ ಇಳಿಯುತ್ತದೆ. ಬಜಾರಿನ ದಿನಗಳಲ್ಲಿ ಆ ಜಾಗ ಕಾಯುವ ಮೊದಲೇ ಪ್ರವಾಹ ಇಳಿದಿರುತ್ತಿತ್ತು.

ಮುಂದಿನ ಕೆಲಸ ಎಲೆಕ್ಟ್ರಿಷಿಯನ್ನರದು. 230 ವೋಲ್ಟಿನ ಬೋರ್ಡನ್ನು ಪ್ರಶಿಕ್ಷಣಾರ್ಥಿಗಳು ಬಿಚ್ಚಬಾರದು, ನಾನು ಪಕ್ಕದಲ್ಲಿ ನಿಂತು ಬರೆದುಕೊಂಡೆ ಅಷ್ಟೆ. ಅವರು ಕಾರಿನ ಪ್ಲಗ್ ಇದ್ದ ಬೋರ್ಡಿನ ಇನ್ನೊಂದು ಸಾಕೆಟ್ಟಿನಲ್ಲಿಯೂ ಒಳಕೋಣೆಯ ಬೋರ್ಡಿನಲ್ಲಿಯೂ ಆಗಾಗ ಅಳೆದರು. ಚಾರ್ಜ್ ಶುರುವಾಗುವ ಮೊದಲು ಎರಡೂ ಕಡೆ 228. ಚಾರ್ಜ್ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಒಳಕೋಣೆಯಲ್ಲಿ 225, ಕಾರಿನ ಬೋರ್ಡಿನಲ್ಲಿ 205. ಸ್ವಲ್ಪ ಹೊತ್ತು ಮುಳ್ಳಿನ ಹಾಗೆ ಅಂಕಿ ಅತ್ತಿತ್ತ ಆಡಿತು, ಚಾರ್ಜ್ ನಿಂತಿತು, ತಕ್ಷಣ ಮತ್ತೆ 228.

ವಿದ್ಯಾರ್ಥಿಗಳಿಗೆ ಲೆಕ್ಕ ಕೊಡುವಾಗ ಪ್ರವಾಹವನ್ನು 10 ಆಂಪಿಯರ್ ಎಂದು ಇಟ್ಟುಕೊಂಡೆ. ನಡುವೆ ಕಳೆದುಹೋದದ್ದು 20 ವೋಲ್ಟ್, ಅಂದರೆ ಎಲ್ಲೋ 2 ಓಮ್ ರೋಧ ಸೇರಿಕೊಂಡಿದೆ. ಅಲ್ಲಿ ಉಷ್ಣವಾಗುತ್ತಿರುವ ಸಾಮರ್ಥ್ಯ 200 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು, ಅದು ತವರವನ್ನು ಕರಗಿಸುತ್ತದೆ. ಅಂಥ ಎಂಟು ಕಡ್ಡಿಗಳ ಬಿಸಿ ಗೋಡೆಯೊಳಗಿನ ಒಂದು ಸ್ಕ್ರೂ ಮೇಲೆ ಇತ್ತು. ಮೇನ್ ಇಳಿಸಿ ಬೋರ್ಡ್ ಬಿಚ್ಚಿದಾಗ ನ್ಯೂಟ್ರಲ್ ತಂತಿಯ ತುದಿ ಕಪ್ಪಾಗಿ, ಅದರ ಪ್ಲಾಸ್ಟಿಕ್ ಒಂದು ಬೆರಳಿನಷ್ಟು ಸುಟ್ಟುಹೋಗಿತ್ತು. ಮಾಮಿ ಮಾತಾಡಲಿಲ್ಲ. ಅದೇ ಗೋಡೆಗೆ ತಾಗಿಸಿ ಹತ್ತಿಕಟ್ಟಿಗೆ ಒಟ್ಟಿದ್ದರು.

ಹಳೆಯ ಮನೆಯ ತಂತಿ ಅಲ್ಯೂಮಿನಿಯಮ್ಮಿನದು. ಈ ಲೋಹ ಬಿಸಿಯಾದಾಗ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಸ್ಕ್ರೂ ಒತ್ತಡಕ್ಕೆ ವರ್ಷಗಳಲ್ಲಿ ಚಪ್ಪಟೆಯಾಗಿ ಸಡಿಲವಾಗುತ್ತದೆ, ಮೇಲೆ ವಿದ್ಯುತ್ ಹರಿಯಗೊಡದ ಆಕ್ಸೈಡ್ ಪದರವೂ ಕಟ್ಟುತ್ತದೆ. ಸಡಿಲಾದಷ್ಟೂ ರೋಧ, ರೋಧವಿದ್ದಷ್ಟೂ ಬಿಸಿ, ಬಿಸಿಯಾದಷ್ಟೂ ಸಡಿಲ. ತಣ್ಣಗಾದಾಗ ಮತ್ತೆ ಹೇಗೋ ಕೂಡಿಕೊಳ್ಳುತ್ತದೆ. ಮೇನಿನಿಂದ ಕಾರಿನ ಸಾಕೆಟ್ಟಿಗೆಂದೇ ದಪ್ಪ ತಾಮ್ರದ ತಂತಿ ಎಳೆದು, ಹೊಸ ಸಾಕೆಟ್ ಹಾಕಿದ ಮೇಲೆ ಚಾರ್ಜ್ ನಡುವೆ ನಿಂತಿಲ್ಲ. ಬ್ಯಾಟರಿಗಳ ತುದಿಗಳಲ್ಲಿ ಕಟ್ಟಿದ್ದ ಬಿಳಿ ಹುಡಿಯನ್ನೂ ಒರೆಸಿದರು. ಸರಣಿಯಲ್ಲಿ ಅಂಥ ಒಂದು ಜೋಡು ಕೆಟ್ಟರೂ ಎಂಟಕ್ಕೂ ತೊಂದರೆ.

ತರಗತಿಗೆ ತಂದದ್ದು ಇಷ್ಟು: ಮೂರು ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬ್, ಸ್ವಿಚ್, ಮೀಟರ್ ಮತ್ತು ಮುಚ್ಚಿದ ಬೆಂಕಿಪೊಟ್ಟಣ. ಸೆಲ್ಲಿನಿಂದ ಬರುವ ತಂತಿ ಪೊಟ್ಟಣದ ಮೂಲಕ ಹಾದುಹೋಗುತ್ತದೆ, ಒಳಗೆ 10 ಓಮಿನ ರೋಧಕ. ಸ್ವಿಚ್ ಹಾಕದೆ ಬಲ್ಬಿನ ಕಡೆ ಅಳೆದಾಗ 4.5 ವೋಲ್ಟ್ ಬಂತು. ಬಲ್ಬ್ ಹೇಗೆ ಉರಿಯುತ್ತದೆ ಎಂದು ಕೇಳಿದೆ. “ಜೋರ್ ಉರೀತದ್ರಿ” ಎಂದು ಇಡೀ ತರಗತಿ ಹೇಳಿತು. ಸ್ವಿಚ್ ಹಾಕಿದಾಗ ಬಲ್ಬ್ ಕೆಂಪಗೆ ಮಿಣುಕಿತು, ಮೀಟರ್ ಎರಡೂಕಾಲು ವೋಲ್ಟಿನ ಆಸುಪಾಸಿಗೆ ಇಳಿಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮೇಡಮ್, ಮೊದಲ ಮೀಟರ್ ಸುಳ್ಳ ಹೇಳಿತೇನ್ರಿ?” ಎಂದಳು.

ಬ್ಯಾಟರಿ ಅಂಗಡಿಯವರು ಬಿದ್ದದ್ದೂ ಇದೇ ಜಾಗದಲ್ಲಿ. ಮೀಟರ್ ಸುಳ್ಳು ಹೇಳಿರಲಿಲ್ಲ. ಪ್ರವಾಹ ಸೊನ್ನೆಯಾಗಿದ್ದಾಗ ರೋಧ ಎಷ್ಟೇ ಇರಲಿ, ಅದರಲ್ಲಿ ಕಳೆಯುವ ವಿಭವಾಂತರವೂ ಸೊನ್ನೆ. ಹಾಗಾಗಿ ತೆರೆದ ಮಂಡಲದಲ್ಲಿ ಕೆಟ್ಟ ಜೋಡು ಕಾಣಿಸುವುದೇ ಇಲ್ಲ. ಕೆಲಸ ನಡೆಯುತ್ತಿರುವಾಗಲೇ ಅಳೆಯಬೇಕು. ‘ವೋಲ್ಟೇಜ್ ಇದ್ದರೆ ಕರೆಂಟ್ ಇದೆ’ ಎಂಬ ತಪ್ಪು ಕಲ್ಪನೆ ಮಕ್ಕಳಲ್ಲಷ್ಟೇ ಅಲ್ಲ, ಬಿಎಸ್ಸಿ ಮುಗಿಸಿದ ನನ್ನಲ್ಲೂ ಅರ್ಧ ಉಳಿದಿತ್ತು. ಸೂತ್ರ ಬರೆದು ಲೆಕ್ಕ ಬಿಡಿಸಿದ್ದೆನೇ ಹೊರತು ಸೊನ್ನೆ ಹಾಕಿ ನೋಡಿರಲಿಲ್ಲ.

ಪಾಠ ವೀಕ್ಷಿಸಿದ ಮಾರ್ಗದರ್ಶಕರು ಟಿಪ್ಪಣಿಯಲ್ಲಿ, ಹುಡುಗಿಯ ಪ್ರಶ್ನೆಗೆ ಉತ್ತರವನ್ನು ನಾನೇ ಕೊಟ್ಟುಬಿಟ್ಟೆ ಎಂದು ಬರೆದರು. ನಿಜ, ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು, ಅವಸರ ಮಾಡಿದೆ. ಮರುವಾರ ಬೇರೆ ವಿಭಾಗಕ್ಕೆ ಅದೇ ಪಾಠ ಮಾಡಿದಾಗ ಉತ್ತರ ಹೇಳದೆ, ಅಂಕಿಗಳನ್ನು ತೆಗೆದುಹಾಕಿ ನೋಟುಪುಸ್ತಕದ ಪುಟಗಳ ಪ್ರತಿಯನ್ನು ಗುಂಪುಗಳಿಗೆ ಹಂಚಿದೆ, ಓಡಿದ ದೂರದ ಕಾಲಮ್ಮನ್ನು ಖಾಲಿ ಬಿಟ್ಟು. ಮೂರು ಗುಂಪುಗಳು ಪಂಪಿನ ಹಿಂದೆಯೇ ಹೋದವು, ನನ್ನ ಹಾಗೆಯೇ. ನಾಲ್ಕನೆಯ ಗುಂಪಿನ ಹುಡುಗನೊಬ್ಬ ಎದ್ದು, “ಕಾರ್ ಆ ದಿನ ಎಲ್ಲಿಗಿ ಹೋಗಿತ್ರಿ ಮೇಡಮ್?” ಎಂದು ಕೇಳಿದ.